ಹೆಸರಿಗೆ ಬಂದ ಹಸುಗಳು

ಹಸುಗಳನ್ನು ಹಾಲು ಕರೆಯದೆ ತಂದಿದ್ದರು. ದೊಡ್ಡಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಲಾರಿಯ ಹಲಗೆಯಿಂದ ಒಂದೊಂದಾಗಿ ಇಳಿದ ಆರು ಹಸುಗಳಲ್ಲಿ ಕೊನೆಯದು ತುಂಬು ಗಬ್ಬ. ಉಳಿದ ಐದರ ಕೆಚ್ಚಲೂ ಬಿಗಿದು, ನಡೆಯುವಾಗ ಹಿಂಗಾಲು ಅಗಲಿಸಿ ಇಡುತ್ತಿದ್ದವು. ಡೇರಿ ಇಟ್ಟವನು, ಅದೂ ತನ್ನ ಸೊಂಟದ ಮೇಲೆ ಬೆಳೆದ ತಮ್ಮ, ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಹಸುಗಳನ್ನು ಲಾರಿ ಹತ್ತಿಸಿದ್ದಾನೆಂದರೆ ಎಲ್ಲೋ ಬೆಂಕಿ ಬಿದ್ದಿರಬೇಕು ಎಂದುಕೊಂಡಳು.

"ಏನೋ ಇದು? ಇವುಗಳ ಕೆಚ್ಚಲು ನೋಡು, ಮುಟ್ಟಿದ್ರೆ ಒಡೆಯೋ ಹಾಗಿದೆ."

"ಆಮೇಲೆ ಹೇಳ್ತೀನಿ ಅಕ್ಕ. ಮೊದಲು ಒಳಗೆ ಕಟ್ಟೋಣ. ಹೊರಗೆ ನಿಲ್ಲಿಸೋದು ಬೇಡ."

"ಆಮೇಲೆ ಹೇಳೋದನ್ನ ಆಮೇಲೆ ಹೇಳು. ಈಗ ಬಕೆಟ್ ತಾ."

ದೊಡ್ಡಕ್ಕ ಎಂದು ತಮ್ಮ ಕರೆದು ಕರೆದು ಊರಿಗೆಲ್ಲ ಅವಳು ದೊಡ್ಡಕ್ಕನೇ ಆಗಿದ್ದಳು. ಅವಳ ಕೊಟ್ಟಿಗೆ ಮೂರು ವರ್ಷದಿಂದ ಖಾಲಿ. ಮಂಡಿನೋವು ಶುರುವಾದ ಮೇಲೆ ತನ್ನ ಹಸುಗಳನ್ನೆಲ್ಲ ಕೊಟ್ಟು, ಗೋದಲಿಯಲ್ಲಿ ಗಂಡ ಹೊಸೆದ ಹಗ್ಗದ ಸುರುಳಿಗಳನ್ನು ಒಟ್ಟಿದ್ದಳು. ಈಗ ಅವನ್ನೆಲ್ಲ ಮೂಲೆಗೆ ತಳ್ಳಿ, ಕುಕ್ಕುರುಗಾಲಿನಲ್ಲಿ ಕೂತು, ಬಿಳಿ ಹಣೆಯ ಹಸುವಿನ ಹೊಟ್ಟೆಗೆ ತಲೆ ಆನಿಸಿದಳು. ತಮ್ಮ ಅವಳ ಬೆನ್ನಿಗೆ ಮಾತಾಡಬೇಕಾಯಿತು.

"ಇವು ಇನ್ಮೇಲೆ ನಿನ್ನವು ಅಕ್ಕ."

"ಯಾಕೋ? ನಾನೇನು ಕೇಳಿದ್ನಾ?"

"ಹೆಸರಿಗೆ ಮಾತ್ರ."

"ಯಾರ ಹೆಸರಿಗೆ?"

"ನಿನ್ನ ಹೆಸರಿಗೆ."

"ಹಾಗಾದ್ರೆ ನನ್ನವೇ ಆಯ್ತಲ್ಲ."

"ಕಾಗದದಲ್ಲಿ ನಿನ್ನವು. ನಮ್ಮಿಬ್ಬರ ಮಧ್ಯೆ ನನ್ನವು."

ಹಾಲು ಬಕೆಟ್ಟಿನ ತಳಕ್ಕೆ ಸೊರ್ ಸೊರ್ ಎಂದು ಬೀಳುತ್ತಿತ್ತು. ದೊಡ್ಡಕ್ಕ ಆ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ಹೇಳಿದ. ಕೇಳಿಸಿದ್ದು ಸರಿಯಾಗಿಯೇ ಇತ್ತು. ತಲೆಗೆ ಮಾತ್ರ ಹೋಗಲಿಲ್ಲ.

ತಮ್ಮನ ಡೇರಿ ಮುಳುಗಿತ್ತು. ಸುತ್ತಿನ ಹಳ್ಳಿಗಳಿಂದ ಹಾಲು ತರಿಸಿ, ತಣ್ಣಗೆ ಮಾಡಿ ಪಟ್ಟಣಕ್ಕೆ ಕಳಿಸುತ್ತಿದ್ದವನು ಕಳೆದೆರಡು ವರ್ಷದಲ್ಲಿ ಯಂತ್ರಕ್ಕೆ, ವ್ಯಾನಿಗೆ, ಕಟ್ಟಡಕ್ಕೆ ಎಂದು ಸಾಲದ ಮೇಲೆ ಸಾಲ ಎಬ್ಬಿಸಿದ್ದ. ಹಾಲು ಕೊಳ್ಳುತ್ತಿದ್ದ ದೊಡ್ಡ ಅಂಗಡಿ ಕೈ ಬಿಟ್ಟಿತು. ಈಗ ಕೋರ್ಟಿಗೆ ದಿವಾಳಿ ಅರ್ಜಿ ಹಾಕುತ್ತಿದ್ದ. ಕೋರ್ಟಿನವರು ಬಂದು, ಅವನ ಹೆಸರಿನಲ್ಲಿ ಏನೇನಿದೆಯೋ ಅದೆಲ್ಲವನ್ನೂ ಬರೆದುಕೊಂಡು, ಮಾರಿ, ಕೊಡಬೇಕಾದವರಿಗೆಲ್ಲ ಹಂಚುತ್ತಾರೆ. ಹಂಚಿ ಸಾಲದೆ ಹೋದದ್ದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ ಎಂದ.

"ಒಳ್ಳೇದೇ ಆಯ್ತಲ್ಲೋ. ಇರೋದನ್ನ ಕೊಟ್ಟು ಕೈ ತೊಳ್ಕೊ."

"ಇರೋದೆಲ್ಲ ಕೊಟ್ರೆ ನಾಳೆ ಯಾವುದರಿಂದ ಶುರು ಮಾಡ್ಲಿ? ಬರಿಗೈಯಿಂದಲಾ? ಅದಕ್ಕೇ ಒಳ್ಳೇವು ಆರನ್ನ ಇಲ್ಲಿ ಕಟ್ಟಿರೋದು. ಎಲ್ಲ ತಣ್ಣಗಾದ ಮೇಲೆ ಹೊಡ್ಕೊಂಡು ಹೋಗ್ತೀನಿ. ವಕೀಲರ ಗುಮಾಸ್ತ ಹೇಳಿಕೊಟ್ಟ ದಾರಿ. ಎಲ್ಲರೂ ಮಾಡ್ತಾರಂತೆ."

ಜೇಬಿನಿಂದ ಕಾಗದ ತೆಗೆದ. ದೊಡ್ಡಕ್ಕ ಕೈ ಒರೆಸಿಕೊಂಡು ಅಕ್ಷರ ಕೂಡಿಸಿ ಓದಿದಳು. ಹೋದ ವರ್ಷವೇ ಅವಳು ಪೂರ್ತಿ ದುಡ್ಡು ಕೊಟ್ಟು ತಮ್ಮನಿಂದ ಆರು ಹಸು ಕೊಂಡಳು ಎಂದಿತ್ತು.

"ಹೋದ ವರ್ಷ ಈ ತಿಂಗಳಲ್ಲಿ ನಾನು ಕಾಲು ಮುರ್ಕೊಂಡು ಮಲಗಿದ್ದೆನಲ್ಲೋ. ಹಸು ಕೊಳ್ಳೋಕೆ ಎಲ್ಲಿಂದ ಬಂದೆ?"

"ಅದು ಸುಮ್ನೆ ಅಕ್ಕ."

"ದುಡ್ಡೂ ಕೊಟ್ಟಿಲ್ಲವಲ್ಲ."

"ಅದೂ ಸುಮ್ನೆ. ನೀನು ಸಹಿ ಹಾಕು. ಯಾರಾದ್ರೂ ಕೇಳಿದ್ರೆ ನಂದೇ ಅನ್ನು. ಕೋರ್ಟಿನ ಕಿವಿಗೆ ಮಾತ್ರ ಬೇರೇದು ಬೀಳಬಾರದು."

ಹಗ್ಗ ಹೊಸೆಯುತ್ತ ಜಗಲಿಯಲ್ಲಿ ಕೂತಿದ್ದ ಗಂಡ ಅಲ್ಲಿಂದಲೇ ಹೇಳಿದ. "ಹಾಕೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ನಿನಗೆ ಒಂದು ಆಡೂ ಕೊಡಿಸ್ಲಿಲ್ಲ. ಕಾಲು ಮುರ್ಕೊಂಡಾಗ ಆರು ಹಸು ಕೊಂಡಿದೀಯ. ಇನ್ನೊಂದು ಕಾಲೂ ಮುರಿದಿದ್ರೆ ಡೇರೀನೇ ನಿಂದಾಗ್ತಿತ್ತು."

"ಭಾವ, ತಮಾಷೆ ಮಾಡೋ ಹೊತ್ತಲ್ಲ ಇದು," ಎಂದ ತಮ್ಮ. ಅವನ ಕಣ್ಣು ಕೆಂಪಾಗಿತ್ತು. ಅವನು ಸಣ್ಣವನಿದ್ದಾಗ ಅಳುವುದಕ್ಕೆ ಮುಂಚೆ ಕಣ್ಣು ಹೀಗೇ ಆಗುತ್ತಿತ್ತು. ದೊಡ್ಡಕ್ಕ ಸಹಿ ಹಾಕಿದಳು.

ಲಾರಿ ತಿರುಗುವಾಗ ಅವಳಿಗೆ ನೆನಪಾಯಿತು. "ಲೋ, ಹಾಲನ್ನ ಏನು ಮಾಡ್ಲೋ?"

ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಇಷ್ಟು ವರ್ಷ ಹಾಲಿನಲ್ಲೇ ಬದುಕಿದವನಿಗೆ ಅದು ಹೊಳೆದೇ ಇರಲಿಲ್ಲ. ಹಸುವನ್ನು ಬಚ್ಚಿಡಬಹುದು, ದಿನಕ್ಕೆರಡು ಹೊತ್ತು ತಾನೇ ಹೊರಗೆ ಬರುವ ಹಾಲನ್ನು ಎಲ್ಲಿ ಬಚ್ಚಿಡುವುದು? "ಏನಾದ್ರೂ ಮಾಡು," ಎಂದು ಹೊರಟುಹೋದ.

ಏನಾದರೂ ಮಾಡುವುದೆಂದರೆ ಏನು? ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸು ಕೆಡುತ್ತದೆ. ಮಾರಲು ಮನಸ್ಸು ಬಾರದು. ಅವಳೂ ಗಂಡನೂ ಕುಡಿದರು, ಪಕ್ಕದ ಮನೆಯ ಬೆಕ್ಕು ಕುಡಿದು ಗುಂಡಗಾಯಿತು. ಮೊಸರಿಟ್ಟಳು, ಬೆಣ್ಣೆ ತೆಗೆದಳು. ಮನೆಯಲ್ಲಿದ್ದ ಪಾತ್ರೆಗಳೆಲ್ಲ ತುಂಬಿ, ಕೊನೆಗೆ ಗಂಡನ ಮುಖ ತೊಳೆಯುವ ತಂಬಿಗೆಯಲ್ಲೂ ಮಜ್ಜಿಗೆ. ಅಷ್ಟರಲ್ಲಿ ಗಬ್ಬದ ಹಸು ಕರು ಹಾಕಿತು. ಮಂಡಿನೋವು ಮರೆತು, ಅವಳೇ ಕೈ ಹಾಕಿ ಎಳೆದು, ಹುಲ್ಲಿನಿಂದ ಒರೆಸಿ ನಿಲ್ಲಿಸಿದ ಹೆಣ್ಣುಗರು. ಅದು ತೂರಾಡುತ್ತ ನಿಂತು ತಾಯಿಯ ಕೆಚ್ಚಲು ಹುಡುಕುವುದನ್ನು ನೋಡುತ್ತಿದ್ದಾಗ ಅವಳಿಗೆ ಹೊಸ ಗೊಂದಲ ಹತ್ತಿತು.

"ರೀ, ಈ ಕರು ಯಾರದು?"

"ಆ ಹಸುವಿಂದು."

"ಅದಲ್ಲ. ಕಾಗದದಲ್ಲಿ ಆರು ಅಂತಿದೆ. ಇದು ಏಳನೇದು. ಇದು ಹೆಸರಿಗೆ ನಂದಾ, ನಿಜವಾಗ್ಲೂ ನಂದಾ, ಅವನದಾ?"

ಗಂಡ ಹಗ್ಗದ ಎಳೆಯನ್ನು ತೊಡೆಯ ಮೇಲೆ ಉಜ್ಜಿದ. "ನನ್ನನ್ನ ಕೇಳ್ಬೇಡ. ನಾನು ನಿನ್ನವನು ಅನ್ನೋದು ಹೆಸರಿಗಾ ನಿಜಾನಾ ಅಂತಲೇ ನನಗೆ ಇನ್ನೂ ಗೊತ್ತಾಗಿಲ್ಲ."

ಆ ಊರಲ್ಲಿ ಬಾಕಿ ತೀರಿಸುವುದಕ್ಕೆ ಹಿಂದಿನಿಂದ ಬಂದ ಒಂದು ದಾರಿ ಇತ್ತು. ಹಗ್ಗದವನು ಕಮ್ಮಾರನಿಗೆ ಕೊಡಬೇಕು, ಕಮ್ಮಾರ ಗಾಡಿಯವನಿಗೆ ಕೊಡಬೇಕು ಎಂದರೆ, ಹಗ್ಗದವನು ನೇರವಾಗಿ ಗಾಡಿಯವನ ಮನೆಗೆ ಹಗ್ಗ ಹಾಕಿ ಬರುತ್ತಿದ್ದ. ಮಧ್ಯದವನು "ಆಯ್ತಪ್ಪ" ಎಂದರೆ ಮೂವರ ಲೆಕ್ಕವೂ ಚುಕ್ತಾ. ದೊಡ್ಡಕ್ಕ ಹುಟ್ಟಿದಾಗಿನಿಂದ ನೋಡಿದ ಲೆಕ್ಕ ಅದೊಂದೇ. ಮೊಸರು ಕಡೆಯುತ್ತ ಕೂತವಳಿಗೆ ಅದೇ ಲೆಕ್ಕ ತಾನಾಗಿ ಬಂದು ಮುಂದೆ ನಿಂತಿತು. ತಾನು ದುಡ್ಡು ಕೊಟ್ಟು ಹಸು ಕೊಂಡೆನೆಂದು ಸಹಿ ಹಾಕಿದ್ದಾಳೆ, ದುಡ್ಡು ಕೊಟ್ಟಿಲ್ಲ. ಅಂದರೆ ತಾನು ತಮ್ಮನಿಗೆ ಬಾಕಿ. ತಮ್ಮ ಊರಿಗೆ ಬಾಕಿ. ಹಾಗಿದ್ದರೆ ಹಾಲು ಯಾರ ಮನೆಗೆ ಹೋಗಬೇಕೆಂದು ಯೋಚಿಸುವುದೇನಿದೆ? ಕೋರ್ಟಿನ ಕಿವಿಗೆ ಬೀಳಬಾರದು ಎಂದಿದ್ದ. ಊರಿನ ಕಿವಿಯ ಮಾತು ಅವನು ಎತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕ್ಯಾನು ಹೊತ್ತು ಮೇವಿನ ಮುದುಕನ ಮನೆಗೆ ಹೋದಳು. ಡೇರಿಗೆ ಹುಲ್ಲು ಹಾಕಿ ಹಾಕಿ ಕೈ ಸೋತವನು ಅವನು.

"ಬಾ ದೊಡ್ಡಕ್ಕ. ನಿನ್ನ ತಮ್ಮ ಕೈ ಎತ್ತಿಬಿಟ್ಟನಂತೆ? ನನ್ನ ಬಣವೆ ಎರಡು ಅವನ ಹಸುಗಳ ಹೊಟ್ಟೆಗೆ ಹೋಯ್ತು. ನನಗೆ ಸಗಣೀನೂ ಬರ್ಲಿಲ್ಲ."

"ಅದಕ್ಕೇ ಬಂದೆ. ಪಾತ್ರೆ ತಾ."

"ಇದೇನು?"

"ನಿನ್ನ ಹುಲ್ಲು. ಸ್ವಲ್ಪ ತಡವಾಗಿ ಬೆಳ್ಳಗಾಗಿ ಬಂದಿದೆ."

ಮುದುಕ ಪಾತ್ರೆ ತಂದ. ಅಲ್ಲಿಂದ, ನಾಲ್ಕು ತಿಂಗಳು ಸಂಬಳ ಕಾಣದ ವ್ಯಾನಿನ ಡ್ರೈವರನ ಮನೆಗೆ ಹೋದಳು. ಅವನ ಹೆಂಡತಿ ಪಾತ್ರೆ ಹಿಡಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ದೊಡ್ಡಕ್ಕ ಎಲ್ಲಿಗೂ ಹೋಗಬೇಕಾಗಲಿಲ್ಲ. ದಿನಾ ಬೆಳಕು ಹರಿಯುವಷ್ಟರಲ್ಲಿ ಅವಳ ಅಂಗಳದಲ್ಲಿ ಜನ ತಂಬಿಗೆ, ಬೋಗುಣಿ ಹಿಡಿದು ನಿಲ್ಲತೊಡಗಿದರು. ಡೇರಿಗೆ ಹಾಲು ಹಾಕಿ ದುಡ್ಡು ಕಾಣದವರು, ಗೋಡೆ ಕಟ್ಟಿದ ಗಾರೆಯವನು ಎಲ್ಲರೂ ಬಂದರು. ಒಮ್ಮೆ ತಮ್ಮ ಚಪ್ಪಲಿ ಹೊಲಿಸಿ ದುಡ್ಡು ಕೊಡದೆ ಹೋದನೆಂದು ಚಮ್ಮಾರನೂ ಒಂದು ಲೋಟ ಹಿಡಿದು ಬಂದ. ಅವಳಿಗೆ ಎಷ್ಟೋ ದಿನದಿಂದ ಇರದಿದ್ದ ನೆಮ್ಮದಿ ಬಂತು.

ಆ ನೆಮ್ಮದಿಯ ನಡುವೆ ತಮ್ಮ ಬೈಕಿನಲ್ಲಿ ಬಂದಿಳಿದ. ಜನರ ಸಾಲನ್ನು ನೋಡಿ ಅವನ ಮುಖ ಸುಣ್ಣವಾಯಿತು. ಅಕ್ಕನ ರಟ್ಟೆ ಹಿಡಿದು ಕೊಟ್ಟಿಗೆಯ ಒಳಕ್ಕೆ ಎಳೆದುಕೊಂಡು ಹೋದ.

"ಏನ್ ಮಾಡ್ದೆ ಅಕ್ಕ? ನನ್ನ ಕತ್ತು ಕುಯ್ದೆ!"

"ನಿನ್ನ ಬಾಕಿ ತೀರಿಸ್ತಾ ಇದೀನಿ ಕಣೋ."

"ಯಾರು ಹೇಳಿದ್ರು ತೀರ್ಸು ಅಂತ?"

"ಹಸು ನಂದು ಅಂತ ನೀನೇ ಹೇಳ್ದೆ. ನನ್ನ ಹಸುವಿನ ಹಾಲು ಯಾರಿಗೆ ಕೊಡಬೇಕು ಅಂತ ನೀನ್ಯಾಕೆ ಹೇಳ್ತೀಯ?"

"ಅಯ್ಯೋ, ಹೆಸರಿಗೆ ಅಂದೆನಲ್ಲ!"

"ಹಾಲೂ ಹೆಸರಿಗೆ ಬರುತ್ತೇನೋ?"

ತಮ್ಮ ಗೋದಲಿಯ ಅಂಚಿನ ಮೇಲೆ ಕುಸಿದು ಕೂತ. ಯಾರೋ ಕೋರ್ಟಿನವರಿಗೆ ಹೇಳಿಬಿಟ್ಟಿದ್ದರು. ಹಾಲು ಸಿಕ್ಕವರೋ, ಲೋಟ ಸಣ್ಣದಾಯಿತೆಂದು ಮುನಿಸಿಕೊಂಡವರೋ. ಅಧಿಕಾರಿ ಇವತ್ತೇ ಬರುತ್ತಿದ್ದಾರೆ, ಅವನನ್ನೂ ಇಲ್ಲಿಗೇ ಬರಹೇಳಿದ್ದಾರೆ. "ನೀನು ಒಂದೇ ಒಂದು ಮಾತು ಹೇಳು. ಹೋದ ವರ್ಷ ಕೊಂಡೆ, ನನ್ನವು. ಅಷ್ಟೇ. ಬೇರೆ ಏನಾದ್ರೂ ಅಂದ್ಯೋ, ನಾನು ಜೈಲಿಗೆ."

"ಹಸು ಕಟ್ಟಿದ್ದಕ್ಕೆ ಜೈಲಾ?"

"ಕಟ್ಟಿದ್ದಕ್ಕಲ್ಲ. ಕೋರ್ಟಿಗೆ ಕೊಟ್ಟ ಪಟ್ಟೀಲಿ ಬರೀದೆ ಕಟ್ಟಿದ್ದಕ್ಕೆ."

ದೊಡ್ಡಕ್ಕ ತಿಳಿದ ಮಟ್ಟಿಗೆ ಅವಳು ಸುಳ್ಳು ಹೇಳಿರಲಿಲ್ಲ, ಕದ್ದಿರಲಿಲ್ಲ. ಎಲ್ಲರಿಗೂ ಒಳ್ಳೆಯದಾಗುವುದನ್ನೇ ಮಾಡಿದ್ದಳು. ಈಗ ನಿಜ ಹೇಳಿದರೆ ತಮ್ಮ ಹೋಗುತ್ತಾನೆ. ಸುಳ್ಳು ಹೇಳಿದರೆ ಹೊರಗೆ ಪಾತ್ರೆ ಹಿಡಿದು ನಿಂತವರ ಬಾಯಿಗೆ ಮಣ್ಣು ಹಾಕಿದ ಹಾಗೆ. ಯಾವ ಕಡೆ ತಿರುಗಿದರೂ ಗೋಡೆ.

ಅಧಿಕಾರಿ ಮಧ್ಯಾಹ್ನ ಕಳೆದ ಮೇಲೆ ಬಂದಳು. ದಪ್ಪ ಕನ್ನಡಕದ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೊಟ್ಟಿಗೆಗೆ ಬರಬೇಕೆಂದು ಗೊತ್ತಿದ್ದು ಮಂಡಿಯವರೆಗಿನ ರಬ್ಬರ್ ಬೂಟು ಹಾಕಿಕೊಂಡಿದ್ದಳು. ಸಂಜೆಯ ಹಾಲಿಗೆ ಬಂದ ಜನ ಅಂಗಳದಲ್ಲಿ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ತಮ್ಮ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದ.

"ಅಮ್ಮಾ, ಈ ಹಸುಗಳು ಯಾರವು?"

ದೊಡ್ಡಕ್ಕ ಬಾಯಿ ತೆರೆದಳು. "ಮೊದಲು ನನಗೆ ಇದು ಅರ್ಥ ಮಾಡ್ಸಿ ತಾಯಿ," ಎಂದಳು. "ಎಲ್ಲಿ ತಪ್ಪಾಯ್ತು ಅಂತಲೇ ಗೊತ್ತಾಗ್ತಿಲ್ಲ."

ಅಧಿಕಾರಿ ಅವಸರ ಮಾಡಲಿಲ್ಲ. "ದಿವಾಳಿ ಅಂದ್ರೆ, ನನ್ನ ಹತ್ರ ಇರೋದು ಇಷ್ಟೇ ಅಂತ ಎಲ್ಲರ ಮುಂದೆ ಬಿಚ್ಚಿ ಇಡೋದು. ಪೂರ್ತಿ ಬಿಚ್ಚಿಟ್ಟವನ ಉಳಿದ ಸಾಲ ಕೋರ್ಟು ಬಿಡುತ್ತೆ. ಒಂದು ಮೂಟೆ ಹಿಂದೆ ಬಚ್ಚಿಟ್ಟು, ಖಾಲಿ ಅಂತ ಪ್ರಮಾಣ ಮಾಡಿದ್ರೆ ಅದು ಮೋಸ. ನೆಂಟರ ಹೆಸರಿಗೆ ಬರೆದ್ರೂ ಅಷ್ಟೇ, ಹಳೇ ತಾರೀಖು ಹಾಕಿದ್ರೂ ಅಷ್ಟೇ."

"ನಾನು ಬಚ್ಚಿಡ್ಲಿಲ್ಲವಲ್ಲ. ಕೊಡಬೇಕಾದೋರಿಗೇ ಕೊಟ್ಟೆ."

"ಅದೂ ಸರಿಯಲ್ಲಮ್ಮ. ಕೆಲವರಿಗೆ ಮೊದಲು ಕೊಟ್ಟು ಕೆಲವರಿಗೆ ಬಿಡೋ ಹಾಗಿಲ್ಲ. ಎಲ್ಲರಿಗೂ ಅವರವರ ಪಾಲಿನಷ್ಟು ಹೋಗ್ಬೇಕು. ಬ್ಯಾಂಕಿಗೂ."

"ಬ್ಯಾಂಕು ಹಾಲು ಕುಡಿಯುತ್ತಾ?"

ಅಂಗಳದಲ್ಲಿ ಯಾರೋ ನಕ್ಕರು. ಮೇವಿನ ಮುದುಕ, "ಕುಡಿಯುತ್ತೆ ದೊಡ್ಡಕ್ಕ, ಕೆಚ್ಚಲಿಗೇ ಬಾಯಿ ಹಾಕುತ್ತೆ," ಎಂದ. ಅಧಿಕಾರಿಯ ತುಟಿಯೂ ಅಲುಗಿತು, ಆದರೆ ಅವಳು ಪ್ರಶ್ನೆ ಮರೆಯಲಿಲ್ಲ. "ಹೇಳಿ. ಹಸುಗಳು ಯಾರವು?"

ಬಚ್ಚಿಟ್ಟರೂ ತಪ್ಪು, ಹಂಚಿದರೂ ತಪ್ಪು. ದೊಡ್ಡಕ್ಕ ತಮ್ಮನ ಕಡೆ ನೋಡಿದಳು. ಅವನ ಕಣ್ಣು ಕೆಂಪಾಗಿತ್ತು. ಆಗ ಬಿಳಿ ಹಣೆಯದು ಕಾಲು ಬದಲಿಸಿ ಒರಲಿತು. ಅದರ ಹಿಂದೆ ಇನ್ನೊಂದು. ಹೊತ್ತಾಗಿತ್ತು.

"ಸ್ವಲ್ಪ ತಡೀರಿ ತಾಯಿ," ಎಂದಳು. "ಯಾರವಾದ್ರೂ ಆಗ್ಲಿ, ಕರೆಯೋದನ್ನ ತಪ್ಪಿಸೋ ಹಾಗಿಲ್ಲ." ಬಕೆಟ್ ತೆಗೆದುಕೊಂಡು ಕೂರಲು ಹೋದಳು, ಮಂಡಿ ಬಗ್ಗಲಿಲ್ಲ. ಇಷ್ಟು ದಿನ ಬಗ್ಗಿದ ಮಂಡಿ ಅದೇ ಗಳಿಗೆಯಲ್ಲಿ ಹಟ ಹಿಡಿಯಿತು. ಗೋಡೆ ಹಿಡಿದು ನಿಂತು, ತಮ್ಮನ ಕಡೆ ಬಕೆಟ್ ಚಾಚಿದಳು. "ಬಾರೋ. ನೀನೇ ಕರೆ."

ತಮ್ಮ ಹಸುವಿನ ಕೆಳಗೆ ಕೂತು ಎಷ್ಟೋ ವರ್ಷವಾಗಿತ್ತು. ಯಜಮಾನನಾದ ಮೇಲೆ ಯಂತ್ರ ಕರೆಯುತ್ತಿತ್ತು, ಆಳು ಕರೆಯುತ್ತಿದ್ದ. ಪ್ಯಾಂಟು ಮಡಚಿ, ಹಸುವಿನ ಹೊಟ್ಟೆಗೆ ತಲೆ ಆನಿಸಿ ಕೂತ. ಅಕ್ಕ ಕಲಿಸಿದ ಹಾಗೆಯೇ ಮೊದಲು ಕೆಚ್ಚಲನ್ನು ಅಂಗೈಯಿಂದ ಸವರಿದ. ಹಾಲು ಸೊರ್ ಸೊರ್ ಎಂದು ಬಕೆಟ್ಟಿಗೆ ಬಿತ್ತು.

"ನನ್ನವೇ ಮೇಡಂ," ಎಂದ. ಮುಖ ಯಾರಿಗೂ ಕಾಣುತ್ತಿರಲಿಲ್ಲ. "ಆರೂ ನನ್ನವೇ. ಅಕ್ಕ ಒಂದು ಕಾಸೂ ಕೊಟ್ಟಿಲ್ಲ. ಕಾಗದ ಹೋದ ತಿಂಗಳು ಬರೆದದ್ದು. ಅವಳಿಗೆ ಏನೂ ಗೊತ್ತಿಲ್ಲ. ಈಗಲೂ ಗೊತ್ತಾಗಿಲ್ಲ."

ಅಧಿಕಾರಿ ಪೆನ್ನು ತೆರೆದಳು. ಒಂದೆರಡು ಸಾಲು ಬರೆದು ನಿಲ್ಲಿಸಿದಳು.

"ಪ್ರಮಾಣ ಮಾಡಿ ಕೊಟ್ಟ ಪಟ್ಟೀಲಿ ಈ ಹಸುಗಳಿಲ್ಲ. ಅದಕ್ಕೆ ನೀವು ಕೋರ್ಟಲ್ಲಿ ಉತ್ತರ ಕೊಡ್ಲೇಬೇಕು. ಅದನ್ನ ನಾನು ಅಳಿಸೋಕಾಗಲ್ಲ. ಆದ್ರೆ ಸಿಕ್ಕಿಬಿದ್ದವನಿಗೂ, ತಾನಾಗಿ ಹೇಳಿದವನಿಗೂ ವ್ಯತ್ಯಾಸ ಇದೆ. ಇದನ್ನ ಯಾವ ಥರ ಬರೀಲಿ? ನಾನು ಕೇಳಿದ ಮೇಲೆ ತಾನೇ ಹೇಳಿದ್ದು?"

ಉತ್ತರ ದೊಡ್ಡಕ್ಕ ಕೊಟ್ಟಳು.

"ನೀವು ಕೇಳಿದ್ದು ನನ್ನನ್ನ ತಾಯಿ. ಅವನನ್ನ ನೀವು ಕೇಳ್ಲೇ ಇಲ್ಲ."

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ನಡೆದದ್ದನ್ನು ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ನೋಡಿದಂತಿತ್ತು. "ಹೌದು," ಎಂದಳು. "ಅವರನ್ನ ಕೇಳಿರ್ಲಿಲ್ಲ." ಹಾಗೆಯೇ ಬರೆದಳು. ಯಾರನ್ನು ಕೇಳಿದೆ, ಯಾರು ಹೇಳಿದರು, ಹೇಳುವಾಗ ಏನು ಮಾಡುತ್ತಿದ್ದರು, ಎಲ್ಲವನ್ನೂ. ಅಷ್ಟರಿಂದ ತಮ್ಮನಿಗೆ ಎಷ್ಟು ಉಪಕಾರವಾಗುತ್ತದೆಂದು ಅವಳು ಹೇಳಲಿಲ್ಲ.

ತಮ್ಮ ಬಕೆಟ್ ತುಂಬಿಸಿಕೊಂಡು ಎದ್ದ. ಷರಟಿನ ತೋಳಿನಿಂದ ಮುಖ ಒರೆಸಿಕೊಂಡು, ಬಕೆಟ್ಟನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಂತ. ಅಕ್ಕನಿಗೆ ಚಾಚಿದ, ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಮೇವಿನ ಮುದುಕ ಅರ್ಧ ಹೆಜ್ಜೆ ಮುಂದೆ ಬಂದು, ಅಧಿಕಾರಿಯ ಮುಖ ನೋಡಿ, ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದ. ಕೊನೆಗೆ ಅಧಿಕಾರಿಯೇ ಬಕೆಟ್ ಹಿಡಿದುಕೊಂಡಳು.

"ನಾಳೆಯಿಂದ ಹಾಲು ಮಾರಿ ದುಡ್ಡು ಕೋರ್ಟಿಗೆ ಕಟ್ಟೋ ಏರ್ಪಾಡು ಮಾಡ್ತೀನಿ," ಎಂದಳು.

"ಸರಿ. ಇವತ್ತಿಂದು?" ಎಂದು ದೊಡ್ಡಕ್ಕ ಕೇಳಿದಳು.

ಅಧಿಕಾರಿ ಬಕೆಟ್ಟಿನ ನೊರೆಯನ್ನು ನೋಡಿದಳು. ಅದಕ್ಕೆ ಅವಳ ಪಟ್ಟಿಯಲ್ಲಿ ಖಾನೆ ಇದ್ದಂತೆ ಕಾಣಲಿಲ್ಲ. "ಇಲ್ಲಿ ಎಲ್ಲಾದ್ರೂ ತಣ್ಣಗಿಡೋಕೆ ಆಗುತ್ತಾ?" ಎಂದು ಕೇಳಿದಳು.

"ಆಗುತ್ತೆ. ಅವನ ಡೇರೀಲಿ ಯಂತ್ರ ಇದೆ," ಎಂದ ದೊಡ್ಡಕ್ಕನ ಗಂಡ ಜಗಲಿಯಿಂದ. "ಬಾಗಿಲಿಗೆ ನೀವೇ ಬೀಗ ಹಾಕಿದೀರಂತೆ."

ಅಷ್ಟರಲ್ಲಿ ಕರು ಹಗ್ಗ ಕಳಚಿಕೊಂಡು ಬಂದು ಅಧಿಕಾರಿಯ ರಬ್ಬರ್ ಬೂಟನ್ನು ಚೀಪತೊಡಗಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿದಳು.

"ಇದು? ಇದು ಯಾರದು?"

ದೊಡ್ಡಕ್ಕ ಗೋಡೆ ಬಿಟ್ಟು, ಕುಂಟುತ್ತ ಬಂದು ಕರುವಿನ ಕೊರಳು ಹಿಡಿದುಕೊಂಡಳು. "ಅದನ್ನೇ ನಾನು ಆವತ್ತಿಂದ ಕೇಳ್ತಾ ಇದೀನಿ ತಾಯಿ," ಎಂದಳು. "ನಿಮಗೆ ಗೊತ್ತಾದ್ರೆ ನನಗೂ ಹೇಳಿ ಕಳಿಸಿ. ಅಲ್ಲೀತನಕ ಇದು ತನ್ನ ತಾಯಿ ಹತ್ರ ಇರ್ಲಿ."

ಅಧಿಕಾರಿ ಬಕೆಟ್ಟನ್ನು ಕೆಳಗಿಟ್ಟು ಏನೋ ಬರೆದು, ಹೊಡೆದು ಹಾಕಿ, ಮತ್ತೆ ಬರೆದಳು. ತಮ್ಮ ಎರಡನೆಯ ಬಕೆಟ್ ಎತ್ತಿಕೊಂಡು ಮುಂದಿನ ಹಸುವಿನ ಕೆಳಗೆ ಕೂತ. ಅಂಗಳದಿಂದ ಯಾರೂ ಮನೆಗೆ ಹೋಗಿರಲಿಲ್ಲ.